ಬಕೆಟ್ ಮೌಂಟ್ ಮಾಡಿದೆ, ಫೋಲ್ಡರ್ ಹೆಸರು ಬದಲಿಸೋಕೆ ಇಷ್ಟು ಹೊತ್ತಾ?

ಮಲ್ನಾಡ್_ಹುಡುಗ
ಮನೆಯ ಹಳೇ ಪಿಸಿಗೆ ಉಬುಂಟು ಹಾಕಿ, ಕ್ಲೌಡ್ ಬಕೆಟ್ (ಆನ್‌ಲೈನ್ ಸಂಗ್ರಹ) ಒಂದನ್ನು ಎಸ್3ಎಫ್‌ಎಸ್ ಅನ್ನೋ ಪ್ರೋಗ್ರಾಂನಲ್ಲಿ ಮೌಂಟ್ ಮಾಡಿದ್ದೇನೆ, ಅಂದರೆ ಪಿಸಿಯ ಫೋಲ್ಡರ್ ಥರ ಕಾಣೋ ಹಾಗೆ ಜೋಡಿಸಿದ್ದೇನೆ. ಪಿಸಿ ಆನ್ ಆದಾಗ ತಾನೇ ಮೌಂಟ್ ಆಗಲಿ ಅಂತ ಎಫ್‌ಸ್ಟ್ಯಾಬ್ ಫೈಲ್‌ಗೂ ಸೇರಿಸಿದ್ದೇನೆ. ಒಳಗೆ ಸುಮಾರು 40 ಸಾವಿರ ಫೋಟೊ. ನೋಡೋಕೆ ಮಾಮೂಲಿ ಫೋಲ್ಡರ್ ಥರಾನೇ ಇದೆ. ಆದರೆ ನಿನ್ನೆ ‘ಅಕ್ಕನ ಮದುವೆ’ ಫೋಲ್ಡರ್ ಹೆಸರು ಬದಲಿಸಲು ಹೋದೆ, ಇದ್ದದ್ದು 3 ಸಾವಿರ ಫೋಟೊ ಅಷ್ಟೇ, ಊಟ ಮಾಡಿ ಬಂದರೂ ಮುಗಿದಿರಲಿಲ್ಲ. ಇನ್ನೊಂದು, ನಾನು ಪಿಸಿ ಮುಟ್ಟದ ದಿನವೂ ಬಿಲ್‌ನಲ್ಲಿ ರಿಕ್ವೆಸ್ಟ್ (ಸರ್ವರ್‌ಗೆ ಹೋಗೋ ಕೋರಿಕೆ) ಲೆಕ್ಕ ಏರುತ್ತಲೇ ಇದೆ. ನೆಟ್ ಫೈಬರ್, ಸ್ಪೀಡ್‌ಗೇನೂ ಕೊರತೆ ಇಲ್ಲ.

ಟರ್ಮಿನಲ್_ತಿಮ್ಮ
ನೆಟ್‌ದು ತಪ್ಪಲ್ಲ ಮಾರಾಯ. ಬಕೆಟ್ ಒಳಗೆ ಫೋಲ್ಡರ್ ಅನ್ನೋದೇ ಇಲ್ಲ. ‘ಮದುವೆ/001.ಜೆಪೆಗ್’ ಅನ್ನೋದು ಪೂರ್ತಿ ಒಂದೇ ಹೆಸರು, ನಡುವಿನ ಗೆರೆಯೂ ಹೆಸರಿನದೇ ಭಾಗ. ರಿನೇಮ್ ಅನ್ನೋ ಸೌಲಭ್ಯ ಸಾಮಾನ್ಯ ಎಸ್3 (ಅಮೆಜಾನ್‌ನ ಕ್ಲೌಡ್ ಸ್ಟೋರೇಜ್) ಬಕೆಟ್‌ನಲ್ಲಿ ಇಲ್ಲ, ಹಾಗಾಗಿ ಎಸ್3ಎಫ್‌ಎಸ್ ಒಂದೊಂದೇ ಫೋಟೊವನ್ನು ಹೊಸ ಹೆಸರಿಗೆ ಕಾಪಿ ಮಾಡಿ ಹಳೆಯದನ್ನು ಅಳಿಸುತ್ತದೆ. 3 ಸಾವಿರ ಕಾಪಿ, 3 ಸಾವಿರ ಡಿಲೀಟ್. ಕಾಪಿ ಆಗೋದು ಅವರ ಸರ್ವರ್‌ನಲ್ಲೇ, ನಿಮ್ಮ ಫೈಬರ್‌ಗೆ ಅಲ್ಲಿ ಕೆಲಸವೇ ಇಲ್ಲ. ಅಮೆಜಾನ್‌ನವರು 2023ರಲ್ಲಿ ತಂದ, ಇದೇ ಕೆಲಸದ ಮೌಂಟ್‌ಪಾಯಿಂಟ್ ಪ್ರೋಗ್ರಾಂ ಅಂತೂ ಇಂಥ ಬಕೆಟ್‌ನಲ್ಲಿ ರಿನೇಮ್ ಮಾಡಲು ಬಿಡೋದೇ ಇಲ್ಲ. ನನಗೆ ಅದೇ ಪ್ರಾಮಾಣಿಕ ಅನ್ನಿಸುತ್ತದೆ.

ರಾತ್ರಿಪಾಳಿ
ಬಿಲ್ ವಿಷಯಕ್ಕೆ ಬರ್ತೀನಿ. ಮೌಂಟ್ ಮಾಡಿರೋದು ‘ಎಂಎನ್‌ಟಿ’ ಫೋಲ್ಡರ್ ಕೆಳಗಾ? ಫೈಲ್ ಹುಡುಕೋ ಲೊಕೇಟ್ ಹಾಕಿಕೊಂಡಿದ್ದೀರಾ? ಹಾಗಿದ್ದರೆ ಅದರ ಫೈಲ್ ಪಟ್ಟಿ ಮಾಡೋ ಅಪ್‌ಡೇಟ್‌ಡಿಬಿ ದಿನಕ್ಕೊಮ್ಮೆ ಇಡೀ ಡಿಸ್ಕ್ ಸುತ್ತುತ್ತದೆ, ಪಾಪ, ಅದಕ್ಕೆ ಇದು ಡಿಸ್ಕ್ ಅಲ್ಲ ಅಂತ ಗೊತ್ತಿಲ್ಲ. ಪ್ರತಿ ಫೈಲ್‌ನ ವಿವರ ಕೇಳಲು ಒಂದೊಂದು ರಿಕ್ವೆಸ್ಟ್ ಹೋಗಬಹುದು. ‘ಅಪ್‌ಡೇಟ್‌ಡಿಬಿ.ಕಾನ್ಫ್’ ತೆಗೆದು ಪ್ರೂನ್‌ಪಾತ್ಸ್ (ಬಿಟ್ಟುಬಿಡಬೇಕಾದ ಜಾಗಗಳ) ಸಾಲಿಗೆ ನಿಮ್ಮ ಮೌಂಟ್ ದಾರಿ ಸೇರಿಸಿ.

ಮಲ್ನಾಡ್_ಹುಡುಗ
ಅಯ್ಯೋ, ಅದೇ! ಸೇರಿಸಿದೆ. ಅಂದಹಾಗೆ ಫೋಟೊ ಆ್ಯಪ್‌ನ ಎಸ್‌ಕ್ಯೂಲೈಟ್ ಡೇಟಾಬೇಸ್ ಫೈಲ್ ಕೂಡ ಅಲ್ಲೇ ಇದೆ, ಪರವಾಗಿಲ್ವಾ?

ಟರ್ಮಿನಲ್_ತಿಮ್ಮ
ಇವತ್ತೇ ಎತ್ತಿ ಲೋಕಲ್ ಡಿಸ್ಕ್‌ಗೆ ಹಾಕಿ. ಡೇಟಾಬೇಸ್ ತನ್ನ ಫೈಲ್‌ನ ನಡುವೆ ಅಲ್ಲೊಂದು ಇಲ್ಲೊಂದು ಪುಟ ತಿದ್ದುತ್ತದೆ, ಬಕೆಟ್‌ನಲ್ಲಿರೋ ಆಬ್ಜೆಕ್ಟ್ (ಅಲ್ಲಿ ಫೈಲ್‌ಗೆ ಹಾಗೆನ್ನುತ್ತಾರೆ) ಅನ್ನು ಹಾಗೆ ತಿದ್ದಲು ಬರೋದಿಲ್ಲ, ಹೊಸದಾಗಿಯೇ ಬರೆಯಬೇಕು. ಎರಡು ಮಷೀನ್‌ನಿಂದ ಮೌಂಟ್ ಮಾಡಿದರೆ ಒಂದರ ಲಾಕ್ (‘ನಾನು ಬರೀತಿದ್ದೀನಿ, ಮುಟ್ಟಬೇಡ’ ಅನ್ನೋ ಗುರುತು) ಇನ್ನೊಂದಕ್ಕೆ ಕಾಣೋದೂ ಇಲ್ಲ. ಫೋಟೊ ಮಾತ್ರ ಬಕೆಟ್‌ನಲ್ಲಿರಲಿ. ಬರೆಯೋದು ಜಾಸ್ತಿ ಇದ್ದರೆ ಎಸ್3ಎಫ್‌ಎಸ್ ಬದಲು ಆರ್‌ಕ್ಲೋನ್ ಅನ್ನೋ ಪ್ರೋಗ್ರಾಂನಿಂದ ಮೌಂಟ್ ಮಾಡಿ, ಅದರ ‘ವಿಎಫ್‌ಎಸ್ ಕ್ಯಾಶ್ ಮೋಡ್’ ಸೆಟ್ಟಿಂಗ್ ‘ಫುಲ್’ ಇಟ್ಟು ನೋಡಿ, ಆದರೆ ಫೈಲ್ ಮೊದಲು ಲೋಕಲ್ ಕ್ಯಾಶ್‌ಗೆ (ಪಿಸಿಯಲ್ಲಿನ ತಾತ್ಕಾಲಿಕ ಜಾಗಕ್ಕೆ) ಬಿದ್ದು ಆಮೇಲೆ ಅಪ್‌ಲೋಡ್ ಆಗುತ್ತದೆ, ಸೇವ್ ಆಯ್ತು ಅಂತ ತಕ್ಷಣ ಪಿಸಿ ಆಫ್ ಮಾಡಬೇಡಿ.

ಮಲ್ನಾಡ್_ಹುಡುಗ
ನಮ್ಮೂರಲ್ಲಿ ಕರೆಂಟೇ ಆಫ್ ಮಾಡುತ್ತೆ, ನಾನೇನು ಮಾಡೋದು. ಯುಪಿಎಸ್ ನೋಡ್ತೀನಿ.