ಅಪ್‌ಡೇಟ್: ಲೆಸ್ಟರ್‌ನ ಅಲಾಟ್‌ಮೆಂಟ್‌ನಲ್ಲಿ ಮಾರ್ಚ್ ತಿಂಗಳ ಮಣ್ಣು

ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ತರಕಾರಿ ಬೆಳೆಯಲು ಬಾಡಿಗೆಗೆ ಪಡೆದ ಅಲಾಟ್‌ಮೆಂಟ್‌ನ ಜೇಡಿಮಣ್ಣನ್ನು ಮಾರ್ಚ್ ಆರಂಭದಲ್ಲೇ ಅಗೆಯಬಹುದೇ ಎಂದು ಕೇಳಿದ್ದೆ. ಹಿಡಿಯಷ್ಟು ಮಣ್ಣನ್ನು ಉಂಡೆ ಮಾಡಿ ಬೆರಳಿನಿಂದ ಒತ್ತಿದಾಗ ಅದು ಒಡೆಯದೆ ಬರೀ ತಗ್ಗು ಬಿದ್ದರೆ ಕಾಯಬೇಕು ಎಂದು ಹಲವರು ಸೂಚಿಸಿದ್ದರು. ಹಸಿ ಜೇಡಿಯನ್ನು ತುಳಿದರೆ ಅದು ಒತ್ತಿಹೋಗಿ ಗಾಳಿ, ನೀರು ಇಳಿಯುವುದಿಲ್ಲವೆಂಬ ಕಾರಣ ನನಗೂ ಒಪ್ಪಿಗೆಯಾಯಿತು. ಈಗ ಪೂರ್ವದ ಒಣಗಾಳಿ ಬೀಸಿ ಹೆಂಟೆಗಳು ಗುದ್ದಲಿಯ ಹಿಂಬದಿಯ ಏಟಿಗೇ ಪುಡಿಯಾಗುತ್ತಿರುವುದರಿಂದ, ಅಗೆತವನ್ನೇ ಕೈಬಿಟ್ಟು, ಚೆನ್ನಾಗಿ ಕೊಳೆತ ಗೊಬ್ಬರವನ್ನು ಮೇಲೆ ಹರಡಿದ್ದೇನೆ. ಮಣ್ಣಿನ ಉಷ್ಣತೆ 7 ಡಿಗ್ರಿ ಸೆಲ್ಸಿಯಸ್ ದಾಟಿದ ಬಳಿಕ ಬ್ರಾಡ್ ಬೀನ್ಸ್ ಹಾಗೂ ಬಟಾಣಿ ಬಿತ್ತಿದ್ದಾಯಿತು. ಬಿತ್ತನೆ ಆಲೂಗಡ್ಡೆ ಕಿಟಕಿಯ ಬಳಿ ಮೊಟ್ಟೆಯ ಟ್ರೇಯಲ್ಲಿ ಮೊಳಕೆಯೊಡೆಯುತ್ತಿದೆ. ಹೀರೆ, ಕುಂಬಳಗಳಿಗೆ ಮಾತ್ರ (ಆಸೆ ಎಷ್ಟೇ ಇರಲಿ) ಹಿಮದ ಭಯ ಕಳೆಯುವ ಮೇ ಕೊನೆಯವರೆಗೆ ಮನೆಯೊಳಗಿನ ಕುಂಡವೇ ಗತಿ.