ಓದುಗರ ಸ್ಪಂದನ: ಎಂಜಿನಿಯರಿಂಗ್ ಬಿಟ್ಟು ರಂಗಶಾಲೆಗೆ ಹೋಗಲೇ?

ಸಮಸ್ಯೆ: ಹಾಸನದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲಿದ್ದೇನೆ. ಸಂಜೆ ಹವ್ಯಾಸಿ ತಂಡವೊಂದರ ನಾಟಕಗಳಿಗೆ ಬೆಳಕು ಮಾಡುತ್ತೇನೆ. ಎರಡು ವಿಷಯ ಪಾಸಾಗದೆ ಬಾಕಿ ಉಳಿದಿವೆ. ‘ನಾಟಕ ಬಿಡು, ಇಲ್ಲವೇ ಕಾಲೇಜು ಬಿಡು’ ಎನ್ನುತ್ತಾರೆ ಅಪ್ಪ. ಓದಿಗೂ ನಾಟಕಕ್ಕೂ ಸಂಬಂಧವೇ ಇಲ್ಲವಲ್ಲ, ಯಾವುದನ್ನು ಬಿಡಲಿ?

*

ಸಂಬಂಧವಿಲ್ಲವೇ? ಬೆಳಕು ಮಾಡುವವಳೇ ಹೀಗೆ ಬರೆದರೆ ಹೇಗೆ ತಂಗಿ! ಸಾವಿರ ವ್ಯಾಟ್‌ನ ಒಂದು ಹ್ಯಾಲೊಜನ್ 230 ವೋಲ್ಟಿನಲ್ಲಿ ನಾಲ್ಕು ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಹನ್ನೆರಡು ಹಾಕಿದರೆ ಐವತ್ತು ದಾಟಿತು. ಮೂರು ಫೇಸಿಗೂ ಹಂಚದೆ ಎಲ್ಲವನ್ನೂ ಒಂದಕ್ಕೇ ಕೊಟ್ಟು ನೋಡು, ದ್ರೌಪದಿ ಶಪಥ ಮಾಡುವ ಹೊತ್ತಿಗೆ ಸರಿಯಾಗಿ, ಹೊರೆ ಹೆಚ್ಚಾದರೆ ತಾನೇ ಆಫ್ ಆಗುವ ಎಂಸಿಬಿ ಸ್ವಿಚ್ ಬೀಳುತ್ತದೆ. ದೀಪದ ಬೆಳಕು ಹೆಚ್ಚು ಕಡಿಮೆ ಮಾಡುವ ಡಿಮ್ಮರ್ ಇಳಿಸಿದಾಗ ಸ್ಪೀಕರಿನಲ್ಲಿ ಗುಂಯ್ ಎನ್ನುವುದಕ್ಕೆ ಪಾಪ, ಎಲ್ಲರೂ ಮೈಕಿನವನನ್ನು ಬೈಯುತ್ತಾರೆ. ಡಿಮ್ಮರಿನೊಳಗಿನ ಟ್ರಯಾಕ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚು ವಿದ್ಯುತ್ತಿನ ಅಲೆಯನ್ನು ಕತ್ತರಿಸಿ ಕೊಡುವುದರಿಂದ ಹುಟ್ಟುವ ಗದ್ದಲ ಅದು. ಪಕ್ಕದಲ್ಲೇ ಹಾದುಹೋದ ಮೈಕ್ ವೈರಿಗೆ ತಗಲಿಕೊಳ್ಳುತ್ತದೆ. ಎರಡನ್ನೂ ದೂರ ದೂರ ಎಳೆದು, ದಾಟಲೇಬೇಕಾದ ಕಡೆ ಅಡ್ಡಲಾಗಿ ದಾಟಿಸಿದರೆ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಬಾಕಿ ಉಳಿದದ್ದರಲ್ಲಿ ಪವರ್ ಎಲೆಕ್ಟ್ರಾನಿಕ್ಸ್ ಇದ್ದರೆ ಆ ಡಿಮ್ಮರನ್ನೇ ಎದುರಿಗೆ ಇಟ್ಟುಕೊಂಡು ಓದು.

ಕೊನೆಯ ವರ್ಷದ ಪ್ರಾಜೆಕ್ಟಿಗೆ ರಂಗದ ದೀಪಗಳನ್ನು ಬೋರ್ಡಿನಿಂದಲೇ ನಿಯಂತ್ರಿಸುವ ಡಿಎಂಎಕ್ಸ್ 512 ಸಂಕೇತಕ್ಕೆ ಸ್ಪಂದಿಸುವ ಡಿಮ್ಮರ್ ಮಾಡಬಹುದು. ಒಂದೇ ಕೇಬಲಿನಲ್ಲಿ 512 ಚಾನೆಲ್. ಸಾಲಿನ ಕೊನೆಯ ದೀಪಕ್ಕೆ 120 ಓಮಿನ ರೆಸಿಸ್ಟರ್ ಹಾಕದಿದ್ದರೆ ದೀಪಗಳು ತಮಗೆ ತೋಚಿದಂತೆ ಮಿಟುಕುವುದುಂಟು. ಯಾಕೆಂದು ವಿವರಿಸಿದರೆ ಪರೀಕ್ಷಕರೂ ತಲೆದೂಗುತ್ತಾರೆ. ಕೋಲ್ಕತ್ತದ ತಾಪಸ್ ಸೇನ್ ಹೆಸರು ಕೇಳಿದ್ದೀಯಾ? 1959ರಲ್ಲಿ ‘ಅಂಗಾರ್’ ನಾಟಕದ ಕಲ್ಲಿದ್ದಲು ಗಣಿಗೆ ನೀರು ನುಗ್ಗುವುದನ್ನು ಬರೀ ಬೆಳಕಿನಲ್ಲಿ ತೋರಿಸಿದ ಪುಣ್ಯಾತ್ಮ.
– ಕಾಫಿ ಕ್ಯೂರಿಂಗ್ ಘಟಕದ ಎಲೆಕ್ಟ್ರಿಷಿಯನ್, ಚಿಕ್ಕಮಗಳೂರು

*

ಬಾಕಿ ಉಳಿದ ವಿಷಯಗಳ ಹೊಣೆಯನ್ನು ನಾಟಕದ ತಲೆಗೆ ಕಟ್ಟಬೇಡಿ. ನಾಟಕದ ಗಂಧಗಾಳಿಯಿಲ್ಲದೆ ನಾಲ್ಕು ನಾಲ್ಕು ವಿಷಯ ಉಳಿಸಿಕೊಂಡವರಿಗೆ ನಾನೇ ಪಾಠ ಹೇಳಿದ್ದೇನೆ. ಆದರೆ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಶೇ 85ರಷ್ಟು ಹಾಜರಾತಿ ಕೇಳುತ್ತದೆ. ತಾಲೀಮಿನ ನೆಪ ಅಲ್ಲಿ ನಡೆಯುವುದಿಲ್ಲ. ಇನ್ನು, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ಮೂರು ವರ್ಷದ ಕೋರ್ಸಿಗೆ ಪದವಿ ಬೇಕೇ ಬೇಕು. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ನಡೆದುಬಂದಿದೆ. ನೀವು ಪದವಿ ಮುಗಿಸಿ ಬರುವಷ್ಟರಲ್ಲಿ ಅದೇನೂ ಓಡಿಹೋಗುವುದಿಲ್ಲ.
– ನಿವೃತ್ತ ಉಪನ್ಯಾಸಕ, ಹಾಸನ

*

ಮಗಳೇ, ತಾಲೀಮು ಮುಗಿಯುವುದು ಎಷ್ಟು ಗಂಟೆಗೆ ಎಂದು ನೀನು ಬರೆದಿಲ್ಲ. ನಮ್ಮ ಮನೆಯಲ್ಲೂ ಮಗಳ ನಾಟಕಕ್ಕೆ ಇದೇ ಜಗಳವಾಗಿತ್ತು. ಅವಳ ಅಪ್ಪನ ಸಿಟ್ಟು ನಾಟಕದ ಮೇಲೆ ಇರಲೇ ಇಲ್ಲ. ಕೊನೆಯ ಬಸ್ಸು ತಪ್ಪಿಸಿಕೊಂಡು, ಮೊಬೈಲ್ ಸ್ವಿಚ್ ಆಫ್ ಮಾಡಿಕೊಂಡು ಕೂರುವುದರ ಮೇಲಿತ್ತು. ತಂಡದ ಹಿರಿಯರೊಬ್ಬರು ಮನೆಗೆ ಬಂದು ಕಾಫಿ ಕುಡಿದು, ‘ರಾತ್ರಿ ಬಿಟ್ಟು ಬರುವುದು ನಮ್ಮ ಜವಾಬ್ದಾರಿ’ ಎಂದ ಮೇಲೆ ಗಂಡಸು ತಣ್ಣಗಾದರು. ಒಮ್ಮೆ ಅಪ್ಪನನ್ನು ಕರೆದೊಯ್ದು ನಿನ್ನ ಪಕ್ಕದಲ್ಲಿ, ಆ ಲೈಟಿನ ಬೋರ್ಡಿನ ಹತ್ತಿರ ಕೂರಿಸು. ಮುಂದಿನ ಸಾಲಿನಲ್ಲಿ ಬೇಡ. ಅಲ್ಲಿ ಕುಳಿತರೆ ಅವರಿಗೆ ನಟರಷ್ಟೇ ಕಾಣುತ್ತಾರೆ.
– ಗೃಹಿಣಿ, ಬೇಲೂರು

*

ಎಲ್ಲರೂ ‘ಮೊದಲು ಪದವಿ’ ಎನ್ನುತ್ತೀರಿ. ನನಗೂ ಹಾಗೆಯೇ ಹೇಳಿದ್ದರು. ಪದವಿಯಾದ ಮೇಲೆ ಮೊದಲು ಕೆಲಸ ಎಂದರು, ಕೆಲಸ ಸಿಕ್ಕ ಮೇಲೆ ಮೊದಲು ಮದುವೆ ಎಂದರು. ಈಗ ನಾಟಕ ನೋಡುವುದಕ್ಕೂ ರಜೆ ಕೇಳಬೇಕು. ಓದು ಮುಗಿಸಿ, ಬೇಡ ಎನ್ನುವುದಿಲ್ಲ. ಆದರೆ ಫಲಿತಾಂಶ ಬಂದ ವರ್ಷವೇ ರಂಗಶಾಲೆಗೆ ಅರ್ಜಿ ಹಾಕುತ್ತೇನೆಂದು ಅಪ್ಪನ ಬಳಿ ಈಗಲೇ ಒಪ್ಪಿಗೆ ಪಡೆಯಿರಿ, ಅಮ್ಮನೂ ಎದುರಿಗಿರಲಿ.
– ಸಾಫ್ಟ್‌ವೇರ್ ಉದ್ಯೋಗಿ, ಮೂಲತಃ ಅರಸೀಕೆರೆ