ಕೊಲೈಟಿಸ್ ಇದ್ದವರು ಬಣ್ಣ ಹಾಕಿ ಕೊಲೊನೋಸ್ಕೋಪಿ ಮಾಡಿಸಿದ್ದೀರಾ?

ಪ್ರಶ್ನೆ, ಶಿರಸಿಯಿಂದ:
ಅಪ್ಪನಿಗೆ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನಲ್ಲಿ ಉರಿಯೂತ, ಹುಣ್ಣು) ಶುರುವಾಗಿ ಹತ್ತು ವರ್ಷದ ಮೇಲಾಯ್ತು. ಈಗ ಆರಾಮಿದ್ದಾರೆ. ಕ್ಯಾನ್ಸರ್ ತಪಾಸಣೆಗೆ ಮಣಿಪಾಲದಲ್ಲಿ ಬಣ್ಣ ಸಿಂಪಡಿಸಿ ಕೊಲೊನೋಸ್ಕೋಪಿ (ಕ್ಯಾಮೆರಾ ನಳಿಕೆಯಿಂದ ದೊಡ್ಡ ಕರುಳು ನೋಡುವುದು) ಮಾಡಿಸಿ ಅಂತ ಡಾಕ್ಟರು ಹೇಳಿದ್ದಾರೆ. ‘ಆರಾಮಿದ್ದಾಗ ಎಂತಕ್ಕೆ?’ ಅಂತ ಅಪ್ಪ ಕೂತುಬಿಟ್ಟಿದ್ದಾರೆ. ಮಾಡಿಸಿದವರು ಹೇಳಿ.

ಕುಮಟಾದಿಂದ:
ಆರಾಮಿದ್ದಾಗಲೇ ಮಾಡಿಸಬೇಕು. ಕರುಳು ಊದಿಕೊಂಡಿದ್ದರೆ ಯಾವುದು ಉರಿಯೂತ, ಯಾವುದು ಕ್ಯಾನ್ಸರಿನ ಮುನ್ಸೂಚನೆ ಅಂತ ಚೂರು ತೆಗೆದು ನೋಡುವ ಬಯಾಪ್ಸಿಯಲ್ಲೂ ಬಿಡಿಸಿ ಹೇಳುವುದು ಕಷ್ಟ. ಲಕ್ಷಣ ಶುರುವಾಗಿ 8 ವರ್ಷ ಆದಾಗ ಮೊದಲ ಸಲ ನೋಡುತ್ತಾರೆ, ಆಮೇಲೆ ಅಪಾಯ ಎಷ್ಟಿದೆ ಅನ್ನುವುದರ ಮೇಲೆ 1ರಿಂದ 5 ವರ್ಷಕ್ಕೊಮ್ಮೆ. ನನಗೆ ಪಿತ್ತನಾಳ ಊದಿ ಕಿರಿದಾಗುವ ಪಿಎಸ್‌ಸಿ ಅನ್ನುವ ಕಾಯಿಲೆಯೂ ಇದೆ, ಹಾಗಾಗಿ ಪ್ರತಿ ವರ್ಷ.

ನಮ್ಮಂಥವರ ಕರುಳಲ್ಲಿ ಕೆಟ್ಟದ್ದು ಯಾವಾಗಲೂ ಗಡ್ಡೆಯಾಗಿ ಎದ್ದು ನಿಲ್ಲುವುದಿಲ್ಲ, ಚಪ್ಪಟೆಯಾಗಿ ಹರಡಿರಬಹುದು. ಇಂಡಿಗೊ ಕಾರ್ಮೈನ್ ಅಥವಾ ಮೆಥಿಲೀನ್ ಬ್ಲೂ ಸಿಂಪಡಿಸಿದರೆ ಅದರ ಅಂಚು ಕಾಣುತ್ತದೆ. ನನಗೆ ಅರೆ ಎಚ್ಚರ ಇತ್ತು: ಪರದೆಯಲ್ಲಿ ನುಣ್ಣಗಿದ್ದ ಗೋಡೆಯ ಸಣ್ಣ ಗೆರೆಗಳಿಗೆಲ್ಲ ನೀಲಿ ಇಳಿದು, ಒಂದು ತೇಪೆ ಮಾತ್ರ ಬೇರೆಯಾಗಿ ಕಂಡಿತು. ಅಲ್ಲಿಂದಲೇ ಚೂರು ತೆಗೆದರು. ಮೊದಲೆಲ್ಲ ಪ್ರತಿ 10 ಸೆಂ.ಮೀ.ಗೆ ನಾಲ್ಕರಂತೆ ಅಂದಾಜಿನ ಮೇಲೆ ತೆಗೆಯುತ್ತಿದ್ದರಂತೆ. ಪಿಎಸ್‌ಸಿಯಿಂದಾಗಿ ನನಗೆ ಈಗಲೂ ಎರಡೂ ಆಗುತ್ತದೆ. ತೇಪೆಯ ರಿಪೋರ್ಟಿನಲ್ಲಿ ಏನೂ ಇರಲಿಲ್ಲ.

ಅಂಕೋಲಾದಿಂದ:
ಹೊಟ್ಟೆ ಸ್ವಚ್ಛ ಆಗದಿದ್ದರೆ ಬಣ್ಣ ಹಾಕಿಯೂ ದಂಡ. ಹೊಟ್ಟೆ ಖಾಲಿ ಮಾಡಿಸುವ ಪೆಗ್ ಪುಡಿಯ ನೀರು ಕುಡಿದು ದೇವಿಮನೆ ಘಟ್ಟ ಇಳಿಯುವ ಸಾಹಸ ಬೇಡ ಮಾರಾಯ್ರೆ! ಹಿಂದಿನ ದಿನವೇ ಮಣಿಪಾಲಕ್ಕೆ ಹೋಗಿ, ಶೌಚಾಲಯ ಒಳಗೇ ಇರುವ ರೂಮು ಹಿಡಿಯಿರಿ. ಎಳನೀರು ಆಗುತ್ತದೆ. ಮುರುಗಲ ಶರಬತ್ತು ಬೇಡವೇ ಬೇಡ, ಆ ಕೆಂಪು ಒಳಗೆ ರಕ್ತದ ಹಾಗೆ ಕಾಣುತ್ತದೆ. ಕಬ್ಬಿಣದ ಮಾತ್ರೆ ತಗೊಳ್ಳುತ್ತಿದ್ದರೆ ಯಾವತ್ತು ನಿಲ್ಲಿಸಬೇಕು ಅಂತ ಮೊದಲೇ ಕೇಳಿ.

ಕಾರವಾರದಿಂದ:
ಬಣ್ಣವೇ ಬೇಕು ಅಂತ ಹಟ ಬೇಡ. 2015ರ ಅಂತರರಾಷ್ಟ್ರೀಯ ಸಲಹೆಯಲ್ಲೂ ಹಳೆಯ ಸ್ಕೋಪ್ (ಕ್ಯಾಮೆರಾ ನಳಿಕೆ) ಆದರೆ ಬಣ್ಣ ಹಾಕಿ ಅಂತ ಖಡಕ್ಕಾಗಿ ಹೇಳಿದ್ದಾರೆ, ಚಿತ್ರ ಹೆಚ್ಚು ಸ್ಪಷ್ಟವಾಗಿ ಕಾಣುವ ಎಚ್‌ಡಿ ಸ್ಕೋಪಿಗೆ ಅಷ್ಟು ಒತ್ತಿ ಹೇಳಿಲ್ಲ. ನನಗೆ ಎಚ್‌ಡಿಯಲ್ಲೇ, ಬಣ್ಣದ ಬದಲು ಗುಂಡಿ ಒತ್ತಿ ಬೆಳಕು ಬದಲಿಸುವ ಎನ್‌ಬಿಐಯಲ್ಲಿ ನೋಡಿದರು. ‘ಸ್ಕೋಪ್ ಎಚ್‌ಡಿಯಾ? ಕೊಲೈಟಿಸ್ ತಪಾಸಣೆ ಮಾಡಿ ರೂಢಿ ಇರುವವರು ಯಾರು?’ ಇಷ್ಟು ಕೇಳಿಕೊಳ್ಳಿ. ಅಪ್ಪನ ಕಾಯಿಲೆ ಗುದನಾಳದಲ್ಲಿ ಮಾತ್ರ ಇದ್ದರೆ ಪದೇ ಪದೇ ಮಾಡಿಸುವ ಅಗತ್ಯವೇ ಬರಲಿಕ್ಕಿಲ್ಲ, ಹಳೆ ರಿಪೋರ್ಟು ಒಯ್ದು ತೋರಿಸಿ.

ಕುಮಟಾದಿಂದ, ಮತ್ತೆ:
ಮೆಥಿಲೀನ್ ಬ್ಲೂ ಹಾಕಿದರೆ ಮೂತ್ರ ನೀಲಿ-ಹಸಿರಾಗಿ ಬರಬಹುದು. ಅಪ್ಪನಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ರಾತ್ರೋರಾತ್ರಿ ನಿಮಗೆ ಫೋನು ಬರುತ್ತದೆ.